ಎತ್ತಿಗೆ ದಾರಿ ಗೊತ್ತಿತ್ತು, ಎಂಜಿನ್ನಿಗೆ ಗೊತ್ತಿಲ್ಲ

ರಾತ್ರಿ ಹತ್ತರ ಸುಮಾರಿಗೆ ಕಲಬುರಗಿಯ ರಿಂಗ್ ರಸ್ತೆಯಲ್ಲಿ ಬ್ಯಾರಿಕೇಡ್ ಅಡ್ಡ ಇಟ್ಟು ನಿಂತ ಪೊಲೀಸರು ವಾಹನ ಸವಾರನಿಗೆ ಹೇಳುವ ಮಾತು ಒಂದೇ: 'ಊದ್ರಿ'. ಅಂಗೈಯಗಲದ ಒಂದು ಯಂತ್ರ, ಅದರ ತುದಿಗೊಂದು ಪ್ಲಾಸ್ಟಿಕ್ ನಳಿಗೆ. ಕೆಲವೇ ಕ್ಷಣಗಳಲ್ಲಿ ಒಂದು ಅಂಕಿ ಮೂಡುತ್ತದೆ. ನಂದೂರ–ಕೇಸರಟಗಿ ಕೈಗಾರಿಕಾ ಪ್ರದೇಶದಿಂದ ಪಾಳಿ ಮುಗಿಸಿ ಹೊರಟ ಬೈಕ್ ಸವಾರನಿರಲಿ, ಕಮಲಾಪುರದ ಕಡೆಗೆ ಹೊರಟ ಲಾರಿ ಚಾಲಕನಿರಲಿ, ಮದುವೆ ಮುಗಿಸಿ ಬರುತ್ತಿರುವ ಕಾರಿನ ಮಾಲೀಕನಿರಲಿ, ಸಿಕ್ಕಿಬಿದ್ದಾಗ ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: 'ಸ್ವಲ್ಪೇ ತಗೊಂಡೀನ್ರಿ ಸಾಹೇಬ್ರ, ನಾನು ಸರಿಯಾಗೇ ಇದ್ದೀನಿ.'

'ನಾನು ಸರಿಯಾಗೇ ಇದ್ದೇನೆ' ಎಂಬ ಈ ಮಾತನ್ನು ಕಾನೂನು ಒಂದು ಕಾಲದಲ್ಲಿ ಕಿವಿಗೊಟ್ಟು ಕೇಳುತ್ತಿತ್ತು. ಈಗ ಕೇಳುವುದಿಲ್ಲ. ಕುಡಿದವನ ಮಾತಿನ ಬದಲು ಅವನ ಉಸಿರನ್ನು ಸಾಕ್ಷಿಗೆ ಕರೆಯುವ ಪದ್ಧತಿ ಹೇಗೆ ಬಂತು, ಏಕೆ ಬಂತು ಎಂಬುದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಬಂಡಿಯ ಕಾಲ

ಕುಡಿತ ಈ ನಾಡಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಣೆಗೆಂದೇ 'ಸುರಾಧ್ಯಕ್ಷ'ನೆಂಬ ಅಧಿಕಾರಿ ಇದ್ದಾನೆ. ಅದೇ ಗ್ರಂಥ ಬಂಡಿಯಿಂದಾದ ಅನಾಹುತಕ್ಕೆ ಹೊಣೆ ಯಾರು ಎಂಬುದನ್ನೂ ಚರ್ಚಿಸುತ್ತದೆ. ಬಂಡಿ ಹೊಡೆಯುವವನು ಚಿಕ್ಕ ಹುಡುಗನಾಗಿದ್ದರೆ ಒಳಗೆ ಕುಳಿತ ಯಜಮಾನನೇ ಹೊಣೆ ಎನ್ನುತ್ತದೆ. ಮನುಸ್ಮೃತಿಯೂ ಹೀಗೆಯೇ ಲೆಕ್ಕ ಹಾಕುತ್ತದೆ. ಸಾರಥಿ ನುರಿತವನಾದರೆ ದಂಡ ಅವನಿಗೆ, ನುರಿತವನಲ್ಲದಿದ್ದರೆ ಅವನನ್ನು ನೇಮಿಸಿದ ಯಜಮಾನನಿಗೆ. ಬಂಡಿ ಹೊಡೆಯುವವನ ಕೈಗೆ ಕೊರಡು ಕೊಟ್ಟವನೂ ತಪ್ಪಿನಲ್ಲಿ ಪಾಲುದಾರ ಎಂಬ ವಿಚಾರ ಹಳೆಯದು ಎಂಬುದು ಗಮನಿಸತಕ್ಕದ್ದು.

ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ ಸೀಮೆಯಲ್ಲಿ ಈಚಲು ಮರದ ಸೇಂದಿ ಜನಸಾಮಾನ್ಯರ ಪಾನೀಯವಾಗಿತ್ತು. ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಭೂಕಂದಾಯದಂತೆಯೇ ಅಬಕಾರಿಯೂ ದೊಡ್ಡ ಆಧಾರ. 'ಆಬ್' ಎಂದರೆ ನೀರು, 'ಕಾರಿ' ಎಂದರೆ ಕೆಲಸ. ಪಾರ್ಸಿಯಿಂದ ಬಂದ ಈ ಪದ ಇಂದಿಗೂ ಸರ್ಕಾರಿ ಇಲಾಖೆಯೊಂದರ ಹೆಸರು. ಗುತ್ತಿಗೆ ಹಿಡಿದವನು ಎಂಬ ಅರ್ಥದ 'ಗುತ್ತೇದಾರ' ಈ ಭಾಗದ ಮನೆತನಗಳ ಹೆಸರಾಗಿಯೂ ಉಳಿದುಕೊಂಡಿದೆ.

ಆದರೆ ಆ ಕಾಲದ ಕುಡುಕನಿಂದ ದಾರಿಹೋಕರಿಗೆ ಅಪಾಯ ಕಡಿಮೆ ಇತ್ತು. ಕುಡಿತದ ಪೆಟ್ಟು ಬೀಳುತ್ತಿದ್ದುದು ಮನೆಯೊಳಗೆ, ಹೆಂಡತಿ ಮಕ್ಕಳ ಮೇಲೆ. ಹೊರಗೆ ಅವನು ನಡೆದುಕೊಂಡು ಹೋಗುತ್ತಿದ್ದ, ಇಲ್ಲವೇ ಬಂಡಿಯಲ್ಲಿ ಮಲಗುತ್ತಿದ್ದ. ಯಜಮಾನನಿಗೆ ಎಚ್ಚರವಿಲ್ಲದಿದ್ದರೂ ಎತ್ತುಗಳಿಗೆ ಎಚ್ಚರವಿರುತ್ತಿತ್ತು. ಎದುರು ಬಂದವರನ್ನು ಕಂಡರೆ ಅವು ತಾವೇ ಬದಿಗೆ ಸರಿದು, ಗೊತ್ತಿರುವ ದಾರಿಯಲ್ಲಿ ಹೋಗಿ ಮನೆಯ ಮುಂದೆ ನಿಲ್ಲುತ್ತಿದ್ದವು.

1932ರಲ್ಲಿ ನಿಜಾಮ್ ಸರ್ಕಾರ 27 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಆರಂಭಿಸಿತು. ನಂತರ ಲಾರಿಗಳು ಬಂದವು. ಶಹಾಬಾದದ ಕಲ್ಲು, ಸೇಡಂ–ವಾಡಿಯ ಸಿಮೆಂಟು ರಸ್ತೆಗಿಳಿದವು. ಚಾಲಕ ತೂಕಡಿಸಿದರೆ ಬದಿಗೆ ಸರಿಯುವ ಬುದ್ಧಿ ಎಂಜಿನ್ನಿಗೆ ಇರಲಿಲ್ಲ. ಮನೆಯ ಸಮಸ್ಯೆಯಾಗಿದ್ದ ಕುಡಿತ ಬೀದಿಯಲ್ಲಿ ಹೋಗುವ ಅಪರಿಚಿತರ ಸಮಸ್ಯೆಯೂ ಆದದ್ದು ಇಲ್ಲಿಂದ.

ಲಂಡನ್ನಿನ ಟ್ಯಾಕ್ಸಿ

ಈ ವ್ಯತ್ಯಾಸ ಮೊದಲು ನ್ಯಾಯಾಲಯದ ಕಣ್ಣಿಗೆ ಬಿದ್ದದ್ದು ಲಂಡನ್ನಿನಲ್ಲಿ. 1897ರ ಸೆಪ್ಟೆಂಬರ್ 10ರಂದು ಜಾರ್ಜ್ ಸ್ಮಿತ್ ಎಂಬ ಟ್ಯಾಕ್ಸಿ ಚಾಲಕ ವಿದ್ಯುತ್ ಚಾಲಿತ ವಾಹನವನ್ನು ಬಾಂಡ್ ಸ್ಟ್ರೀಟಿನ ಕಟ್ಟಡವೊಂದಕ್ಕೆ ಗುದ್ದಿದ. ಕುಡಿದು ಮೋಟಾರು ಓಡಿಸಿದ್ದಕ್ಕೆ ಶಿಕ್ಷೆಗೊಳಗಾದ ಮೊದಲಿಗನೆಂದು ಇತಿಹಾಸ ಇವನನ್ನೇ ನೆನೆಯುತ್ತದೆ. ತಪ್ಪೊಪ್ಪಿಕೊಂಡ ಅವನಿಗೆ ಕೆಲವು ಶಿಲಿಂಗುಗಳ ದಂಡವಾಯಿತು. ಹುಚ್ಚೆದ್ದು ಓಡುವ ಕುದುರೆಯನ್ನು ಪೊಲೀಸರು ಹಿಡಿದು ನಿಲ್ಲಿಸಬಲ್ಲರು, ಮೋಟಾರನ್ನು ನಿಲ್ಲಿಸುವುದು ಬೇರೆಯೇ ಮಾತು ಎಂದು ಮ್ಯಾಜಿಸ್ಟ್ರೇಟರು ಅವನನ್ನು ಎಚ್ಚರಿಸಿದರು.

ಆಗ ಅಲ್ಲಿದ್ದ ಕಾನೂನು 1872ರದು. ಗಾಡಿ, ಕುದುರೆ, ದನ, ಉಗಿಯಂತ್ರಗಳ ಉಸ್ತುವಾರಿಯಲ್ಲಿ ಇರುವವನು ಅಮಲಿನಲ್ಲಿರಬಾರದು ಎಂಬುದು ಅದರ ಸಾರ. ಅಮಲು ಎಂದರೆ ಎಷ್ಟು ಎಂಬುದನ್ನು ಆ ಕಾನೂನು ಹೇಳಿರಲಿಲ್ಲ. ನೋಡಿದವರ ಕಣ್ಣಿಗೆ ಹೇಗೆ ಕಂಡನೋ ಹಾಗೆ.

ಮದುವೆ ಊಟದ ಗುಂಡು

'ಕುಡಿದ ಮೇಲೆ ಅವನು ಅವನಾಗಿರಲಿಲ್ಲ' ಎಂದು ಸಮರ್ಥಿಸುವವರು ಇಂದಿಗೂ ಇದ್ದಾರೆ. ಭಾರತೀಯ ದಂಡ ಸಂಹಿತೆ 1860ರಲ್ಲೇ ಇದಕ್ಕೆ ಉತ್ತರ ಕೊಟ್ಟಿತ್ತು. ತನಗೆ ತಿಳಿಯದಂತೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಯಾರಾದರೂ ಅಮಲು ಪದಾರ್ಥ ಕೊಟ್ಟಿದ್ದರೆ ಮಾತ್ರ ರಿಯಾಯಿತಿ. ತಾನಾಗಿಯೇ ಕುಡಿದವನಿಗೆ, ಎಚ್ಚರವಾಗಿದ್ದವನಿಗೆ ಇರುವಷ್ಟೇ ತಿಳಿವಳಿಕೆ ಇತ್ತೆಂದು ಕಾನೂನು ಭಾವಿಸುತ್ತದೆ. ಈ ಸಂಹಿತೆ ಹೈದರಾಬಾದ್ ಸೀಮೆಗೆ ಅನ್ವಯವಾದದ್ದು 1951ರಲ್ಲಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಇದೇ ನಿಯಮವನ್ನು ಉಳಿಸಿಕೊಂಡಿದೆ.

1956ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದು ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅಂದಿನ ಪೆಪ್ಸು ರಾಜ್ಯದ ಹಳ್ಳಿಯೊಂದರ ಮದುವೆಯಲ್ಲಿ ಸೇನೆಯಿಂದ ನಿವೃತ್ತನಾದ ಜಮಾದಾರನೊಬ್ಬ ಚೆನ್ನಾಗಿ ಕುಡಿದಿದ್ದ. ಊಟಕ್ಕೆ ಕೂರುವಾಗ ಹುಡುಗನೊಬ್ಬನಿಗೆ ಪಕ್ಕಕ್ಕೆ ಸರಿಯಲು ಹೇಳಿದ. ಹುಡುಗ ಸರಿಯಲಿಲ್ಲ. ಜಮಾದಾರ ಪಿಸ್ತೂಲು ತೆಗೆದು ಹೊಟ್ಟೆಗೆ ಗುಂಡು ಹೊಡೆದ. ಹುಡುಗ ಸತ್ತ. ಕುಡಿದಿದ್ದರಿಂದ ಕೊಲ್ಲುವ ಉದ್ದೇಶ ಇರಲಿಲ್ಲವೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅವನು ಅತ್ತಿತ್ತ ತೂರಾಡಿದ್ದರೂ ತಾನೇ ನಡೆದಾಡಿದ್ದ, ಮಾತಾಡಿದ್ದ. ಏನು ಮಾಡುತ್ತಿದ್ದೇನೆಂಬುದು ತಿಳಿಯದಷ್ಟು ಅವನ ಬುದ್ಧಿ ಮಂಕಾಗಿರಲಿಲ್ಲ ಎಂದಿತು.

ಈ ತತ್ವ ಸ್ಪಷ್ಟವೇನೋ ಹೌದು. ಆದರೆ ಅದು ಅನಾಹುತವಾದ ಮೇಲಿನ ಮಾತು. ರಸ್ತೆಗೆ ಬೇಕಾದದ್ದು ಅನಾಹುತಕ್ಕೆ ಮುಂಚಿನ ಕಾನೂನು.

ಕಣ್ಣು, ನಾಲಿಗೆ, ನಡಿಗೆ

ಅಂಥ ಕಾನೂನು 1939ರ ಮೋಟಾರು ವಾಹನ ಕಾಯ್ದೆಯ ರೂಪದಲ್ಲಿ ಬಂತು. ವಾಹನವನ್ನು ಸರಿಯಾಗಿ ಹಿಡಿತದಲ್ಲಿಟ್ಟುಕೊಳ್ಳಲು ಆಗದಷ್ಟು ಅಮಲಿನಲ್ಲಿ ಓಡಿಸುವುದು ಅಪರಾಧ ಎಂದು ಅದು ಹೇಳಿತು. ಇಲ್ಲಿಯೂ 'ಅಷ್ಟು' ಎಂದರೆ ಎಷ್ಟು ಎಂಬ ಪ್ರಶ್ನೆ ಉಳಿದೇ ಇತ್ತು. ಪೊಲೀಸರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ವೈದ್ಯರು ಬಾಯಿಯ ವಾಸನೆ, ಕಣ್ಣಿನ ಕೆಂಪು, ಪಾಪೆಯ ಅಗಲ, ನಾಲಿಗೆಯ ತೊದಲು, ನಡಿಗೆಯ ತೂರಾಟ ನೋಡಿ ಪತ್ರ ಬರೆದುಕೊಡುತ್ತಿದ್ದರು.

ನ್ಯಾಯಾಲಯಕ್ಕೆ ಹೋದಾಗ ಈ ಪತ್ರಗಳು ನಿಲ್ಲುತ್ತಿರಲಿಲ್ಲ. ಅಪಘಾತದ ಗಾಬರಿಗೂ ಮಾತು ತೊದಲಬಹುದು. ನಿದ್ದೆಗೆಟ್ಟವನ ಕಣ್ಣೂ ಕೆಂಪಾಗಿರುತ್ತದೆ. ರಕ್ತ ಅಥವಾ ಮೂತ್ರದ ಪರೀಕ್ಷೆ ನಡೆಸದೆ ವಾಸನೆ, ನಡಿಗೆ, ಪಾಪೆಗಳ ಲಕ್ಷಣದಿಂದಷ್ಟೇ ಕುಡಿದಿದ್ದನೆಂದು ಖಚಿತವಾಗಿ ಹೇಳಲಾಗದು ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ತಪ್ಪು ಮಾಡಿದವನು ಪಾರಾಗುವುದಕ್ಕೂ, ಮಾಡದವನು ಸಿಕ್ಕಿಬೀಳುವುದಕ್ಕೂ ಇಲ್ಲಿ ಸಮಾನ ಅವಕಾಶವಿತ್ತು.

ಉಸಿರಿನ ಲೆಕ್ಕ

ಈ ತೊಡಕು ಬಿಡಿಸಿದ್ದು ವಿಜ್ಞಾನ. ಮದ್ಯಸಾರ ಹೊಟ್ಟೆ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತ ಶ್ವಾಸಕೋಶದ ಮೂಲಕ ಹಾದುಹೋಗುವಾಗ ಅದರ ಒಂದಂಶ ಆವಿಯಾಗಿ ಉಸಿರಿಗೆ ಬೆರೆಯುತ್ತದೆ. ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯಸಾರ 1 ಮಿಲಿಲೀಟರ್ ರಕ್ತದಲ್ಲಿರುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಉಸಿರು ಅಳೆದರೆ ರಕ್ತ ಅಳೆದಂತೆ. ಸೂಜಿ ಚುಚ್ಚುವ ಅಗತ್ಯವಿಲ್ಲ.

1930ರ ದಶಕದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ರೋಲಾ ಹಾರ್ಗರ್ ಬಲೂನಿಗೆ ಊದಿಸಿ ಪರೀಕ್ಷಿಸುವ ಸಾಧನ ರೂಪಿಸಿದರು. 1954ರಲ್ಲಿ ರಾಬರ್ಟ್ ಬೋರ್ಕನ್‌ಸ್ಟೈನ್ ಸುಲಭವಾಗಿ ಹೊತ್ತೊಯ್ಯಬಹುದಾದ ಯಂತ್ರ ತಯಾರಿಸಿದರು. ಅದರೊಳಗಿನ ಹಳದಿ ರಾಸಾಯನಿಕ ದ್ರಾವಣ ಮದ್ಯಸಾರ ತಾಕಿದಾಗ ಬಣ್ಣ ಬದಲಿಸುತ್ತಿತ್ತು. ಎಷ್ಟು ಬದಲಾಯಿತೆಂದು ಬೆಳಕಿನ ಮೂಲಕ ಅಳೆಯಲಾಗುತ್ತಿತ್ತು. ಇತ್ತ ನಾರ್ವೆ ದೇಶ 1936ರಲ್ಲೇ ರಕ್ತದಲ್ಲಿನ ಪ್ರಮಾಣಕ್ಕೆ ಮಿತಿ ಹಾಕಿತ್ತು. ಚಾಲಕ ತೂರಾಡಿದನೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಮಿತಿ ದಾಟಿದ್ದರೆ ತಪ್ಪಿತಸ್ಥ.

ಇದು ಬರೀ ಅನುಕೂಲದ ಏರ್ಪಾಡಲ್ಲ. ಮದ್ಯ ಮೊದಲು ಹಿಡಿಯುವುದು ಕೈಕಾಲನ್ನಲ್ಲ, ವಿವೇಚನೆಯನ್ನು. 'ನಾನು ಸರಿಯಾಗೇ ಇದ್ದೇನೆ' ಎಂದು ತೀರ್ಮಾನಿಸಬೇಕಾದ ಬುದ್ಧಿಯೇ ಮೊದಲು ಮಂಕಾಗುತ್ತದೆ. ಆದ್ದರಿಂದ ಕುಡಿದವನು ಪ್ರಾಮಾಣಿಕವಾಗಿಯೇ ಹೇಳಿದರೂ ಅವನ ಮಾತು ತಪ್ಪಾಗಿರಬಹುದು.

ಮಜ್ಜಿಗೆ, ನಿಂಬೆರಸ, ಕಡಕ್ ಚಹಾ, ತಣ್ಣೀರ ಸ್ನಾನ ಯಾವುದೂ ಇದಕ್ಕೆ ಮದ್ದಲ್ಲ. ರಕ್ತದಿಂದ ಮದ್ಯಸಾರವನ್ನು ಕಳೆಯುವುದು ಯಕೃತ್ತಿನ ಕೆಲಸ. ಅದರ ವೇಗ ಸಾಮಾನ್ಯವಾಗಿ ಗಂಟೆಗೆ 100 ಮಿಲಿಲೀಟರ್ ರಕ್ತದಲ್ಲಿ 15 ಮಿಲಿಗ್ರಾಂನಷ್ಟು. ನಡುರಾತ್ರಿ 150 ಮಿಲಿಗ್ರಾಂ ಇದ್ದವನಲ್ಲಿ ಬೆಳಗಿನ ಆರಕ್ಕೂ 60 ಮಿಲಿಗ್ರಾಂ ಉಳಿದಿರುತ್ತದೆ. ಡಾಬಾದಲ್ಲಿ ಕುಡಿದು, ಲಾರಿಯಲ್ಲೇ ಮಲಗಿ, ನಸುಕಿನಲ್ಲಿ ಮುಖ ತೊಳೆದು ಹೊರಟ ಚಾಲಕ ತಾನು ನಿನ್ನೆಯ ಮನುಷ್ಯನಲ್ಲ ಎಂದುಕೊಳ್ಳುತ್ತಾನೆ. ಅವನ ರಕ್ತಕ್ಕೆ ಇನ್ನೂ ಬೆಳಗಾಗಿರುವುದಿಲ್ಲ.

ಮೂವತ್ತರ ಗೆರೆ

ಭಾರತದಲ್ಲಿ 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆ, ಮೊದಲು, ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರ ಇದ್ದರೂ ಅಪರಾಧ ಎಂದಿತ್ತು. 1994ರ ತಿದ್ದುಪಡಿ ಒಂದು ಗೆರೆ ಎಳೆಯಿತು. ಆ ವರ್ಷದ ನವೆಂಬರ್ 14ರಿಂದ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ 185ನೇ ಕಲಮಿನ ಅಪರಾಧ. ಇಂಗ್ಲೆಂಡಿನ ಮಿತಿ 80 ಮಿಲಿಗ್ರಾಂ ಎಂಬುದನ್ನು ನೆನೆದರೆ ಇಲ್ಲಿನ ನಿಯಮ ಎಷ್ಟು ಬಿಗಿ ಎಂಬುದು ತಿಳಿಯುತ್ತದೆ.

ಆದರೆ ಆ ತಿದ್ದುಪಡಿಯಲ್ಲಿ ಪರೀಕ್ಷೆ 'ಬ್ರೆತ್ ಅನಲೈಸರ್' ಮೂಲಕವೇ ನಡೆಯಬೇಕೆಂಬ ಮಾತಿತ್ತು. ಯಂತ್ರದ ಚೀಟಿ ಇಲ್ಲವೆಂಬ ಕಾರಣಕ್ಕೆ ಪ್ರಕರಣಗಳು ಬಿದ್ದುಹೋದದ್ದುಂಟು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿ ಈ ತೂತು ಮುಚ್ಚಿತು. ಅದೇ ತಿದ್ದುಪಡಿ ದಂಡವನ್ನೂ ಏರಿಸಿತು. ಮೊದಲ ತಪ್ಪಿಗೆ 2,000 ರೂಪಾಯಿವರೆಗೆ ಇದ್ದದ್ದು 10,000 ರೂಪಾಯಿ ಆಯಿತು. ಮತ್ತೆ ತಪ್ಪಿದರೆ 15,000. ಮೊದಲ ಸಲ ಆರು ತಿಂಗಳವರೆಗೆ, ಎರಡನೇ ಸಲ ಎರಡು ವರ್ಷದವರೆಗೆ ಸೆರೆಮನೆಯನ್ನೂ ವಿಧಿಸಬಹುದು. ಹೆಲ್ಮೆಟ್ ಇಲ್ಲದ ತಪ್ಪಿನಂತೆ ರಸ್ತೆಯಲ್ಲೇ ದಂಡ ಕಟ್ಟಿ ಹೋಗುವಂತಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ತಪ್ಪು ಸಾಬೀತಾದರೆ ಕನಿಷ್ಠ ಆರು ತಿಂಗಳು ಲೈಸೆನ್ಸ್ ರದ್ದುಪಡಿಸಬೇಕೆಂಬ ನಿಯಮವೂ ಇದೆ. ಕಾರಿನ ಮಾಲೀಕನಿಗೆ ಆರು ತಿಂಗಳೆಂದರೆ ತೊಂದರೆ. ಟಂಟಂ ಓಡಿಸಿ ಸಂಸಾರ ಸಾಕುವವನಿಗೆ ಆರು ತಿಂಗಳ ಉಪವಾಸ.

ಪೊಲೀಸರಿಗೂ ಗೆರೆ

ಇಷ್ಟು ಬಿರುಸಾದ ಅಧಿಕಾರಕ್ಕೆ ಕಾಯ್ದೆಯೇ ಲಗಾಮು ಹಾಕಿದೆ. ಸಮವಸ್ತ್ರದಲ್ಲಿರುವ ಅಧಿಕಾರಿ ಮಾತ್ರ ಊದಲು ಹೇಳಬಹುದು. ಅದಕ್ಕೆ ಅನುಮಾನಿಸಲು ತಕ್ಕ ಕಾರಣವಿರಬೇಕು. ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಡುಗಡೆ ಮಾಡಬೇಕು ಎನ್ನುತ್ತದೆ 202ನೇ ಕಲಮು.

ಈ ಎರಡು ಗಂಟೆಯ ನಿಯಮ ಆರೋಪಿಗೂ ರಕ್ಷೆ, ಸತ್ಯಕ್ಕೂ ರಕ್ಷೆ. ತಡವಾದಷ್ಟೂ ರಕ್ತದಲ್ಲಿನ ಪ್ರಮಾಣ ಇಳಿಯುತ್ತದೆ. ನಗರದೊಳಗೆ ಜಿಲ್ಲಾ ಆಸ್ಪತ್ರೆ ಹತ್ತಿರ. ದೂರದ ಹಳ್ಳಿಯ ರಸ್ತೆಯಲ್ಲಿ ನಡುರಾತ್ರಿ ಹಿಡಿದಾಗ ಗಡಿಯಾರವೇ ತನಿಖಾಧಿಕಾರಿ. ಕುಡಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದ ಮದ್ಯದಿಂದ ಅಂಕಿ ಹೆಚ್ಚಾಗಿ ಬರಬಹುದು. ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳಲ್ಲೂ ಮದ್ಯಸಾರವಿರುತ್ತದೆ. ಹತ್ತು ಹದಿನೈದು ನಿಮಿಷ ಕಾಯಿಸಿ ಮತ್ತೆ ಊದಿಸಿದರೆ ಈ ಅನುಮಾನ ಕಳೆಯುತ್ತದೆ. ಯಂತ್ರವನ್ನು ಕಾಲಕಾಲಕ್ಕೆ ಸರಿಹೊಂದಿಸುವುದು, ಪ್ರತಿಯೊಬ್ಬರಿಗೂ ಹೊಸ ನಳಿಗೆ ಕೊಡುವುದು ಸಣ್ಣ ಸಂಗತಿಗಳೆನಿಸಿದರೂ ಕಾನೂನಿನ ಮರ್ಯಾದೆ ಉಳಿಯುವುದು ಇವುಗಳಿಂದಲೇ. ಪ್ರಭಾವಿಯ ಕಾರನ್ನು ಬಿಟ್ಟು ಕೂಲಿಕಾರನ ಬೈಕನ್ನು ಹಿಡಿದರೆ ಅಂಕಿ ಎಷ್ಟೇ ನಿಖರವಾಗಿದ್ದರೂ ಜನ ನಂಬುವುದಿಲ್ಲ.

ದಂಡ ಏರಿಸಿದರೆ ಸಾಕೆ?

ಶಿಕ್ಷೆ ಹೆಚ್ಚಿಸಿದರೆ ಕುಡಿದು ಓಡಿಸುವುದು ನಿಲ್ಲುತ್ತದೆಯೇ? ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. 1967ರ ಅಕ್ಟೋಬರ್‌ನಲ್ಲಿ ಅಂದಿನ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ 80 ಮಿಲಿಗ್ರಾಂ ಮಿತಿ ಮತ್ತು ಉಸಿರಿನ ಪರೀಕ್ಷೆ ಜಾರಿಗೆ ತಂದರು. ಸ್ವತಃ ವಾಹನ ಓಡಿಸಲು ಬಾರದ ಹೆಂಗಸು ಗಂಡಸರ ಕುಡಿತಕ್ಕೆ ಕೈಹಾಕಿದಳೆಂದು ಟೀಕೆಗಳು ಬಂದವು. ಮೊದಲ ವರ್ಷದಲ್ಲೇ ರಸ್ತೆ ಸಾವುಗಳು ಸಾವಿರಕ್ಕೂ ಹೆಚ್ಚು ಕಡಿಮೆಯಾದವು. ಆದರೆ ಕೆಲವು ವರ್ಷಗಳಲ್ಲಿ ಆ ಪರಿಣಾಮ ಮಸುಕಾಯಿತು. ತಮ್ಮನ್ನು ನಿಲ್ಲಿಸಿ ಪರೀಕ್ಷಿಸುವ ಸಂಭವ ಬಹಳ ಕಡಿಮೆ ಎಂಬುದು ಚಾಲಕರಿಗೆ ಅರ್ಥವಾಗಿತ್ತು. ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ, ಹೆದರಿಕೆ ಮಾತ್ರ ಹೋಗಿತ್ತು. ಇದನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಲಾರೆನ್ಸ್ ರಾಸ್, ಶಿಕ್ಷೆಯ ಗಾತ್ರಕ್ಕಿಂತ ಸಿಕ್ಕಿಬೀಳುವ ಖಾತ್ರಿಯೇ ಜನರನ್ನು ತಡೆಯುತ್ತದೆ ಎಂಬ ನಿರ್ಣಯಕ್ಕೆ ಬಂದರು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 1982ರ ಡಿಸೆಂಬರ್‌ನಿಂದ ಬೇರೆ ದಾರಿ ಹಿಡಿಯಿತು. ಅನುಮಾನವಿರಲಿ ಇಲ್ಲದಿರಲಿ, ಯಾರನ್ನು ಬೇಕಾದರೂ ನಿಲ್ಲಿಸಿ ಊದಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಅವರು ಅದನ್ನು ಎಡೆಬಿಡದೆ ಬಳಸಿದರು. ಅಲ್ಲಿ ಸಾವುಗಳು ಇಳಿದವು, ಇಳಿಕೆ ಉಳಿಯಿತು.

ನಮ್ಮಲ್ಲಿ ಹೊಸ ವರ್ಷದ ಮುನ್ನಾದಿನ ಊರೆಲ್ಲ ಬ್ಯಾರಿಕೇಡು ಕಾಣುತ್ತದೆ. ಪ್ರಶ್ನೆ ಇರುವುದು ಉಳಿದ ರಾತ್ರಿಗಳದು. ಕಲಬುರಗಿ ನಗರಕ್ಕೆ 2019ರಲ್ಲಿ ಪೊಲೀಸ್ ಕಮಿಷನರೇಟ್ ಬಂತು. ನಗರದ ವೃತ್ತಗಳಲ್ಲಿ ತಪಾಸಣೆ ಎಷ್ಟೇ ಬಿಗಿಯಾಗಿದ್ದರೂ ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ, ಅದರಿಂದ ಕವಲೊಡೆಯುವ ಹಳ್ಳಿ ದಾರಿಗಳಲ್ಲಿ ಅದೇ ಖಾತ್ರಿ ಇಲ್ಲದಿದ್ದರೆ, ಕುಡಿದವನು ಬ್ಯಾರಿಕೇಡು ತಪ್ಪಿಸಿ ಒಳದಾರಿ ಹಿಡಿಯುತ್ತಾನೆ, ಅಷ್ಟೇ.

ಕೀಲಿಕೈ ಕೊಟ್ಟವರು

ಹೊಣೆ ಕುಡಿದವನೊಬ್ಬನದೇ ಅಲ್ಲ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅಷ್ಟೇ ಶಿಕ್ಷೆ ಎಂದು ಕಾಯ್ದೆಯ 188ನೇ ಕಲಮು ಹೇಳುತ್ತದೆ. ಅಮಲಿನಲ್ಲಿರುವುದು ಕಂಡೂ ಲಾರಿ ಹತ್ತಿಸಿದ ಮಾಲೀಕ, 'ಏನಾಗಲ್ಲ ಹೋಗೋ' ಎಂದು ಬೈಕಿನ ಕೀಲಿಕೈ ಕೊಟ್ಟ ಗೆಳೆಯ ಇಬ್ಬರೂ ಅದರ ವ್ಯಾಪ್ತಿಗೆ ಬರಬಹುದು. ಹುಡುಗನ ಕೈಗೆ ಬಂಡಿ ಕೊಟ್ಟ ಯಜಮಾನನನ್ನು ಹೊಣೆ ಮಾಡಿದ ಹಳೆಯ ವಿವೇಕವೇ ಇದು.

ಸರ್ಕಾರದ ಪಾತ್ರವೂ ಸರಳವಲ್ಲ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಆದರೆ ಇತರ ಮದ್ಯದ ಅಬಕಾರಿ ಆದಾಯ ರಾಜ್ಯದ ಬೊಕ್ಕಸದ ದೊಡ್ಡ ಆಧಾರವಾಗಿಯೇ ಮುಂದುವರಿದಿದೆ. ಒಂದು ಕೈಯಲ್ಲಿ ಮದ್ಯದಂಗಡಿಯ ಪರವಾನಗಿ, ಇನ್ನೊಂದು ಕೈಯಲ್ಲಿ ಊದುವ ಯಂತ್ರ. ಈ ವಿಪರ್ಯಾಸವನ್ನು ಕಂಡೇ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದು ಆದೇಶಿಸಿತು. ಮರು ವರ್ಷ ಅದರಲ್ಲಿ ಸಡಿಲಿಕೆಗಳು ಬಂದವು. ಚಿಕ್ಕ ಊರುಗಳಿಗೆ ಅಂತರ 220 ಮೀಟರಿಗೆ ಇಳಿಯಿತು, ನಗರಾಡಳಿತ ಸಂಸ್ಥೆಗಳ ವ್ಯಾಪ್ತಿಗೆ ನಿಷೇಧ ಅನ್ವಯಿಸದು ಎಂದಾಯಿತು.

ಆದರೂ ಕೊನೆಯ ಲೆಕ್ಕದಲ್ಲಿ ಚಾಲಕನ ಹೊಣೆ ಬೇರೆಯವರ ತಪ್ಪಿನಿಂದ ಕರಗುವುದಿಲ್ಲ. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಫುಟ್‌ಪಾತ್ ಹತ್ತಿ, ಅಲ್ಲಿ ಮಲಗಿದ್ದ ಕೂಲಿಕಾರ್ಮಿಕರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಚಾಲಕನ ರಕ್ತದಲ್ಲಿ ಮದ್ಯಸಾರ ಪತ್ತೆಯಾಯಿತು. ಅಜಾಗರೂಕತೆಯೆಂದು ಕೆಳ ನ್ಯಾಯಾಲಯ ವಿಧಿಸಿದ್ದ ಆರು ತಿಂಗಳ ಶಿಕ್ಷೆಯನ್ನು ಬಾಂಬೆ ಹೈಕೋರ್ಟ್ ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕುಡಿದು ಅತಿವೇಗದಲ್ಲಿ ಓಡಿಸುವವನಿಗೆ ಜೀವ ಹೋಗಬಹುದೆಂಬುದು ಗೊತ್ತಿರುತ್ತದೆ. ಆದ್ದರಿಂದ ಇದು ಬರೀ ಅಜಾಗರೂಕತೆಯಲ್ಲ, ಕೊಲೆಯಲ್ಲದ ನರಹತ್ಯೆ ಎಂಬುದು ಅದರ ನಿಲುವು. ಗೊತ್ತಿರಬೇಕಾದದ್ದು ಸ್ಟಿಯರಿಂಗ್ ಹಿಡಿದ ಮೇಲಲ್ಲ, ಗ್ಲಾಸು ಹಿಡಿಯುವ ಮೊದಲು.

ಪೊಲೀಸರ ಯಂತ್ರ ಹೆಚ್ಚೆಂದರೆ ಉಸಿರಿನ ಲೆಕ್ಕ ಹೇಳಬಲ್ಲದು. ಅದು ಎದುರಾಗುವ ಹೊತ್ತಿಗೆ ನಿರ್ಧಾರದ ಗಳಿಗೆ ಎಂದೋ ಕಳೆದಿರುತ್ತದೆ. ಮದುವೆಗೋ, ಜಾತ್ರೆಗೋ, ಗೆಳೆಯರ ಊಟಕ್ಕೋ ಹೊರಡುವಾಗ, ವಾಪಸು ಬರುವಾಗ ಕೀಲಿಕೈ ಯಾರ ಹತ್ತಿರ ಇರಬೇಕು ಎಂದು ಮನೆಯಲ್ಲೇ ತೀರ್ಮಾನಿಸಬೇಕಾದ ಕಾಲ ಇದು. ಮೈಮರೆತ ಯಜಮಾನನನ್ನು ಹೊತ್ತು ತಂದು ಅಂಗಳದಲ್ಲಿ ನಿಲ್ಲುತ್ತಿದ್ದ ಎತ್ತುಗಳು ಈಗ ಯಾರ ಬಂಡಿಗೂ ಇಲ್ಲ.